ಹಬ್ಬದ ದಿನಗಳೂ ಎಲೀಯನ ರೊಟ್ಟಿಯೂ

ಮೂಲವಾಕ್ಯ: 1 ಅರಸುಗಳು 19ನೆಯ ಅಧ್ಯಾಯ, 3ರಿಂದ 8ರ ವರೆಗೆ

ಕ್ರಿಸ್ತಜನನದ ಹಬ್ಬವು ಸಮೀಪಿಸಿರುವಾಗ ಅಡವಿಯಲ್ಲಿ ಮಲಗಿ ಸಾವನ್ನು ಬೇಡಿಕೊಂಡ ಪ್ರವಾದಿಯ ಕಥೆ ಯಾಕೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕುರುಬರ ವೃತ್ತಾಂತವನ್ನೂ ಜೋಯಿಸರ ವೃತ್ತಾಂತವನ್ನೂ ವರುಷ ವರುಷ ಕೇಳುತ್ತೇವೆ, ಕೇಳತಕ್ಕದ್ದೇ ಸರಿ. ಆದರೆ ಹಬ್ಬದ ದಿನಗಳಲ್ಲಿ ದೇಹವು ದಣಿದು ಮನಸ್ಸು ಕುಗ್ಗಿ ಮೂಲೆಯಲ್ಲಿ ಕೂತಿರುವವರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಅವರಿಗೆ ಈ ಎಲೀಯನು ಹತ್ತಿರದ ನೆಂಟನಾಗಿದ್ದಾನೆ.

ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದದ್ದನ್ನು ಅವನು ಕಂಡಿದ್ದನು. ಬರಗಾಲ ತೀರಿ ಮಳೆ ಬಂದದ್ದನ್ನೂ ಕಂಡಿದ್ದನು. ಅಂಥ ಮಹಾದಿನವು ಕಳೆದ ಮೇಲೆ ಈಜೆಬೆಲಳ ಒಂದು ಮಾತಿಗೆ ಹೆದರಿ, ಬೇರ್ಷೆಬದ ಆಚೆ ಒಂದು ದಿನದ ಹಾದಿ ನಡೆದು, ಗಿಡದ ಕೆಳಗೆ ಬಿದ್ದುಕೊಂಡು, ನನಗೆ ಸಾಕಾಯಿತೆಂದು ಮರಣವನ್ನು ಬೇಡಿದನು. ಇದನ್ನು ಯೋಚಿಸಿರಿ: ಅವನು ಕುಗ್ಗಿದ್ದು ಸೋತ ಮೇಲಲ್ಲ, ಗೆದ್ದ ಮೇಲೆ. ದೊಡ್ಡ ದಿನದ ಬೆನ್ನಿಗೆ ಬರುವ ಈ ಕುಗ್ಗುವಿಕೆಯು ಇಂದಿಗೂ ಅನೇಕರಿಗೆ ಪರಿಚಿತವೇ. ಹಾಡು ನಿಂತು, ನೆಂಟರು ಹೊರಟು, ನಕ್ಷತ್ರದ ದೀಪವನ್ನು ಆರಿಸಿದ ಸಾಯಂಕಾಲ ಯಾವ ಕಾರಣವೂ ತಿಳಿಯದೆ ಎದೆ ಭಾರವಾಗುವದು.

ಆಗ ದೇವರು ಏನು ಮಾಡಿದನು? ಗದರಿಸಲಿಲ್ಲ. ನಿನ್ನ ವಿಶ್ವಾಸ ಎಲ್ಲಿ ಹೋಯಿತೆಂದು ಕೇಳಲಿಲ್ಲ. ಮೊದಲು ನಿದ್ರೆ ಹತ್ತಗೊಟ್ಟನು. ತರುವಾಯ ದೂತನು ಬಂದು ಮೈಮುಟ್ಟಿ ಎಬ್ಬಿಸಿದನು. ತಲೆಯ ಬಳಿಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ನೀರೂ ಇದ್ದವು. ತಿಂದು ಕುಡಿದು ತಿರಿಗಿ ಮಲಗಿದವನನ್ನು ಸೋಮಾರಿಯೆನ್ನದೆ ಎರಡನೆಯ ಸಾರಿ ಎಬ್ಬಿಸಿ ಉಣಿಸಿದನು. ನಾಲ್ವತ್ತು ದಿನಗಳ ಪ್ರಯಾಣವೂ, ಹೋರೇಬಿನಲ್ಲಿ ನಡೆದ ಸಂಭಾಷಣೆಯೂ, ನೀನು ಒಬ್ಬನೇ ಅಲ್ಲ, ಇನ್ನೂ 7000 ಮಂದಿ ಇದ್ದಾರೆಂಬ ವರ್ತಮಾನವೂ ಇದಾದ ಮೇಲೆ ಬಂದವು. ನಮ್ಮ ಸಭೆಗಳಲ್ಲಿ ಈ ಕ್ರಮವು ಬಹಳ ಸಾರಿ ತಲೆಕೆಳಗಾಗಿದೆ. ದುಃಖಿತನನ್ನು ಕಂಡಾಗ ಬೋಧನೆ ಮೊದಲು ಬರುತ್ತದೆ, ರೊಟ್ಟಿ ಬರುವದೇ ಇಲ್ಲ.

ದೇಹದ ಆರೈಕೆಯು ಭಕ್ತಿಗೆ ಕಡಿಮೆಯಾದ ಕೆಲಸವೆಂದು ನೆನಸಬೇಡಿರಿ. ನಾವು ಆಚರಿಸುವದು ವಾಕ್ಯವು ಶರೀರಧಾರಿಯಾದ ಹಬ್ಬವಲ್ಲವೇ? ಬಟ್ಟೆಯಲ್ಲಿ ಸುತ್ತಲ್ಪಟ್ಟ ಆ ಕೂಸು ಬೆಳೆದು ದೋಣಿಯಲ್ಲಿ ದಣಿದು ನಿದ್ರೆಮಾಡಿತು. ಉಣ್ಣುವದಕ್ಕೂ ಸಮಯವಿಲ್ಲದಿದ್ದ ಶಿಷ್ಯರನ್ನು ಆತನು ದಣಿವಾರಿಸಿಕೊಳ್ಳಲು ಕರೆದನು. ಯಾಯೀರನ ಮಗಳನ್ನು ಎಬ್ಬಿಸಿದ ಕೂಡಲೇ ಅವಳಿಗೆ ಊಟಕ್ಕೆ ಕೊಡಿರೆಂದು ಹೇಳಿದನು.

ಆದಕಾರಣ ಊಟದ ಮಾತನ್ನು ಇಲ್ಲಿ ಆಡುವದಕ್ಕೆ ನಾನು ನಾಚುವದಿಲ್ಲ. ಕರಾವಳಿಯ ಮನೆಗಳಲ್ಲಿ ಕುಸ್ವಾರ್, ಧಾರವಾಡ ಸೀಮೆಯಲ್ಲಿ ಕರ್ಚೀಕಾಯಿಯೂ ಶಂಕರಪೋಳಿಯೂ ಡಬ್ಬಿ ತುಂಬುವ ಕಾಲವಿದು. ಸಕ್ಕರೆ ಕಾಯಿಲೆಯುಳ್ಳವರು ಹಬ್ಬವೆಂದು ಗುಳಿಗೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ತಾವಾಗಿಯೇ ಬಿಡಬಾರದು. ಬೆಲ್ಲದಿಂದ ದೋಷವಿಲ್ಲವೆಂಬ ಮಾತು ಊರೂರಲ್ಲಿದೆ. ಅದು ನಿಜವಲ್ಲ, ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುವದು. ರಕ್ತದೊತ್ತಡವುಳ್ಳವರಿಗೆ ಉಪ್ಪಿನಕಾಯಿ ಹಪ್ಪಳಗಳಲ್ಲಿಯೇ ಅಪಾಯವುಂಟು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ರಾತ್ರಿ ಬೇಯಿಸಿದ ಮಾಂಸವನ್ನು ಹಾಗೆಯೇ ಇಟ್ಟು ಮರುದಿನ ಮಧ್ಯಾಹ್ನ ಬಡಿಸಬೇಡಿರಿ. ಮದ್ಯದ ವಿಷಯದಲ್ಲಿ ನಮ್ಮ ಹಿರಿಯರು ಹೇಳುತ್ತಿದ್ದದ್ದನ್ನು ಹಳೇ ಕಾಲದ ಬಿಗಿಯೆಂದು ನಗುವವರುಂಟು. ಯಾವ ಅಳತೆಯ ಕುಡಿತವೂ ನಿರಪಾಯವಲ್ಲವೆಂದು ಅದೇ ಸಂಸ್ಥೆಯವರು 2023ರಲ್ಲಿ ಪ್ರಕಟಿಸಿದರು.

ಇನ್ನು ಅಡಿಗೆಮನೆಯಲ್ಲಿರುವ ನಮ್ಮ ತಾಯಂದಿರು. ಹಬ್ಬದ ಹಿಂದಿನ ರಾತ್ರಿ ಎಲ್ಲರಿಗಿಂತ ಕಡೆಗೆ ಮಲಗಿ ಎಲ್ಲರಿಗಿಂತ ಮೊದಲು ಏಳುವವರೂ ಕಡೆಯ ಪಂಕ್ತಿಯಲ್ಲಿ ಉಳಿದದ್ದನ್ನು ಉಣ್ಣುವವರೂ ಅವರೇ. ಬೇಥಾನ್ಯದ ಮಾರ್ಥಳನ್ನು ತೋರಿಸಿ ಅವರಿಗೆ ಬುದ್ಧಿ ಹೇಳುವ ಪ್ರಸಂಗಗಳು ಬೇಕಾದಷ್ಟಿವೆ. ಆ ಮನೆಯ ಗಂಡಸರು ಎರಡು ಕೊಡ ನೀರು ತಂದಿದ್ದರೆ ಮಾರ್ಥಳೂ ಕೂತು ಕೇಳುತ್ತಿದ್ದಳೇನೋ ಎಂದು ನನಗೆ ಅನಿಸುತ್ತದೆ. ಅಪ್ಪಂದಿರೇ, ಗಂಡುಮಕ್ಕಳೇ, ಈ ಸಾರಿ ಪಾತ್ರೆ ತೊಳೆಯಿರಿ. ಹೊಸ ಬಟ್ಟೆಗೋಸ್ಕರ ಸಾಲ ಮಾಡಬೇಡಿರಿ. ಜನವರಿಯ ಕಂತು ನಿದ್ರೆಯನ್ನು ಕದಿಯುವದು.

ಕಳೆದ ವರುಷ ಪಂಕ್ತಿಯಲ್ಲಿ ಇದ್ದವರು ಈ ವರುಷ ಇಲ್ಲದ ಮನೆಗಳಿವೆ. ಅಲ್ಲಿ ಗಂಟೆಯ ಧ್ವನಿಯೇ ನೋವಾಗುವದು. ಹಬ್ಬದ ದಿನ ಅಳಬಾರದೆಂದು ಅವರ ಬಾಯಿ ಮುಚ್ಚಿಸಬೇಡಿರಿ. ಮತ್ತಾಯನು ಬೇತ್ಲೆಹೇಮಿನ ಸಂತೋಷವನ್ನು ಬರೆದ ಅದೇ ಅಧ್ಯಾಯದಲ್ಲಿ ಮಕ್ಕಳನ್ನು ಕಳಕೊಂಡ ತಾಯಂದಿರ ಅಳುವನ್ನೂ ಬರೆದಿಟ್ಟನು. ಸುವಾರ್ತೆಯು ಅಡಗಿಸದೆ ಇರುವ ಅಳುವನ್ನು ಸಭೆಯು ಅಡಗಿಸತಕ್ಕದ್ದಲ್ಲ.

ಎಲೀಯನ ಹಾಗೆ ಯಾವನಾದರೂ, ಯಾವಳಾದರೂ, ಬದುಕು ಸಾಕೆಂದು ಹೇಳಿದರೆ ಅದನ್ನು ಬರಿಯ ಮಾತೆಂದು ಎಣಿಸಬೇಡಿರಿ. ದೆವ್ವದ ಕಾಟವೆಂದೂ ಹೇಳಬೇಡಿರಿ. ಒಬ್ಬಂಟಿಯಾಗಿ ಬಿಡದೆ ಬಳಿಯಲ್ಲಿ ಕೂತು ಕೇಳಿರಿ. ಮನೆಯಲ್ಲಿ ಬೆಳೆಗೆ ಹೊಡೆಯುವ ವಿಷವಿದ್ದರೆ ಬೇರೆ ಕಡೆಗೆ ಸಾಗಿಸಿರಿ. ವೈದ್ಯರ ಬಳಿಗೆ ಕರಕೊಂಡು ಹೋಗಿರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೇ ಈ ಚಿಕಿತ್ಸೆಯನ್ನು ಕಲಿಸಿ ಮನೋರೋಗಕ್ಕೆ ಊರ ಹತ್ತಿರವೇ ಔಷಧ ಸಿಕ್ಕಬಹುದೆಂದು ತೋರಿಸಿದರು. ಅದರ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. 2022ರ ಅಕ್ಟೋಬರಿನಲ್ಲಿ ಸರಕಾರದವರು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ತೆರೆದರು. ಅದರ ಸಂಖ್ಯೆ 14416. ಹಣವಿಲ್ಲದೆ, ಹಗಲಿರುಳೂ, ಕನ್ನಡದಲ್ಲಿಯೇ ಮಾತಾಡಬಹುದು. ಆ ಸಂಖ್ಯೆಯನ್ನು ಗುಡಿಯ ಬಾಗಿಲಲ್ಲಿ ಹಬ್ಬದ ಆರಾಧನೆಯ ಸಮಯಪಟ್ಟಿಯ ಪಕ್ಕದಲ್ಲಿಯೇ ಅಂಟಿಸಿರಿ. ಮದ್ದು ತೆಗೆದುಕೊಳ್ಳುವದು ಅವಿಶ್ವಾಸವಲ್ಲ. ಕೆಂಡದ ಮೇಲೆ ರೊಟ್ಟಿ ಸುಟ್ಟವನೇ ಆ ಮದ್ದನ್ನೂ ಕೊಟ್ಟಿದ್ದಾನೆ.

ಹಿರಿಯರಿಗೂ ಸ್ತ್ರೀಸಮಾಜದವರಿಗೂ ಒಂದು ಬಿನ್ನಹ. ಹಾಡುವ ಗುಂಪು 24ರ ರಾತ್ರಿ ಎಲ್ಲಾ ಮನೆಗಳಿಗೂ ಹೋಗುವದು. 26ರಂದು ಮಾತ್ರ ಯಾರೂ ಎಲ್ಲಿಗೂ ಹೋಗುವದಿಲ್ಲ. ಆ ದಿನ ಇಬ್ಬಿಬ್ಬರಾಗಿ ಹೊರಟು, ವಿಧವೆಯರ ಮನೆ, ಹಾಸಿಗೆ ಹಿಡಿದ ಮುದುಕರ ಮನೆ, ಮಕ್ಕಳು ಪರವೂರಲ್ಲಿರುವ ತಂದೆತಾಯಿಗಳ ಮನೆ, ಇವುಗಳನ್ನು ಮರೆಯದೆ ನೋಡಿರಿ. ಬುತ್ತಿ ಕಟ್ಟಿಕೊಂಡು ಹೋಗಿರಿ. ಹೋದಲ್ಲಿ ಪ್ರಸಂಗ ಮಾಡದೆ, ಜೊತೆಯಲ್ಲಿ ಕೂತು ಉಂಡು ಬನ್ನಿರಿ.