ಅಳತೆಯ ಧರ್ಮ

ಅಂಗಡಿಯ ತಕ್ಕಡಿ ನಮ್ಮ ಕಣ್ಣೆದುರಿಗೇ ತೂಗುತ್ತದೆ. ಅದು ಎತ್ತ ವಾಲಿತೆಂಬುದನ್ನು ಮಾರುವವನಂತೆ ಕೊಳ್ಳುವವನೂ ಕಾಣುತ್ತಾನೆ. ವಿದ್ಯುತ್ತಿನ ವ್ಯವಹಾರ ಹಾಗಲ್ಲ. ಕೊಂಡ ಸರಕು ಕಣ್ಣಿಗೆ ಕಾಣದು. ಬಳಸಿ ಮುಗಿದ ಮೇಲೆ ಲೆಕ್ಕ ಬರುವುದು. ಆ ಲೆಕ್ಕವನ್ನು ಮಾಡುವವನೂ ಮಾರುವವನೇ. ಇಂತಹ ವ್ಯವಹಾರದಲ್ಲಿ ಮೀಟರಿನ ಅಂಕಿಯೂ ಗೃಹಸ್ಥನ ಮಾತೂ ಪರಸ್ಪರ ವಿರುದ್ಧವಾದಾಗ ಯಾವುದನ್ನು ನಂಬಬೇಕು? ನಿರ್ಣಯವಾಗುವವರೆಗೆ ಸಂಶಯದ ಭಾರವನ್ನು ಯಾರು ಹೊರಬೇಕು? ಇದು ಹಣದ ಪ್ರಶ್ನೆಯಂತೆ ತೋರಿದರೂ ಮೂಲತಃ ನೀತಿಯ ಪ್ರಶ್ನೆಯಾಗಿದೆ.

2023ರ ಜೂನ್ ತಿಂಗಳಿನಲ್ಲಿ ಕೊಪ್ಪಳದ ಬಡ ವೃದ್ಧೆಯೊಬ್ಬರಿಗೆ ಒಂದು ಲಕ್ಷ ರೂಪಾಯಿಗೂ ಮೀರಿದ ಬಿಲ್ಲು ಬಂದಿತು. ಸುದ್ದಿಯು ನಾಡೆಲ್ಲ ಹಬ್ಬಿದ ಮೇಲೆ ಅದು ದೋಷದಿಂದ ಬಂದ ಬಿಲ್ಲೆಂದೂ ಆಕೆ ಅದನ್ನು ಕಟ್ಟಬೇಕಾಗಿಲ್ಲವೆಂದೂ ಸರಕಾರ ತಿಳಿಸಿತು. ಆ ತಪ್ಪು ಅಷ್ಟು ದೊಡ್ಡದಾಗಿದ್ದುದರಿಂದ ತಾನಾಗಿಯೇ ಬಯಲಾಯಿತು. ಆದರೆ ಮುನ್ನೂರು ರೂಪಾಯಿ ಬರುತ್ತಿದ್ದ ಮನೆಗೆ ಒಮ್ಮೆಲೇ ಒಂಬೈನೂರು ಬಂದರೆ ಯಾವ ಪತ್ರಿಕೆಯೂ ಬರೆಯದು. ನ್ಯಾಯದ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿಯೇ.

ಹೆಚ್ಚಿನ ಬಿಲ್ಲೆಲ್ಲವೂ ಅನ್ಯಾಯದ ಬಿಲ್ಲೆಂದು ಭಾವಿಸುವುದೂ ಸರಿಯಲ್ಲ. ಸಾವಿರ ವಾಟ್ ಶಕ್ತಿಯ ಉಪಕರಣವು ಒಂದು ಗಂಟೆ ನಡೆದರೆ ಒಂದು ಯೂನಿಟ್ಟು. ಎರಡು ಸಾವಿರ ವಾಟ್‌ನ ನೀರು ಕಾಯಿಸುವ ಯಂತ್ರವು ದಿನಕ್ಕೊಂದು ಗಂಟೆ ಉರಿದರೆ ತಿಂಗಳಿಗೆ ಅರವತ್ತು ಯೂನಿಟ್ಟು ತಾನೇ ಆಗುತ್ತದೆ. 2023ರ ಮೇ ತಿಂಗಳಲ್ಲಿ ಹೊರಬಿದ್ದ ದರಪರಿಷ್ಕರಣೆಯ ಆದೇಶವು ಏಪ್ರಿಲ್ ಒಂದರಿಂದಲೇ ಅನ್ವಯವಾದುದರಿಂದ ಜೂನಿನ ಬಿಲ್ಲಿನಲ್ಲಿ ಹಿಂಬಾಕಿಯೂ ಸೇರಿ ಎಷ್ಟೋ ಮನೆಗಳವರು ಬೆಚ್ಚಿಬಿದ್ದರು. ಆದುದರಿಂದ ದೂರುವ ಮುನ್ನ ಪರಿಶೀಲಿಸುವುದು ಗೃಹಸ್ಥನ ಮೊದಲ ಕರ್ತವ್ಯ. ಮನೆಯ ಉಪಕರಣಗಳನ್ನೆಲ್ಲ ಆರಿಸಿದ ಮೇಲೂ ಮೀಟರು ಓಡುತ್ತಿದ್ದರೆ ದೋಷವು ತಂತಿಯಲ್ಲೋ ಮೀಟರಿನಲ್ಲೋ ಇದೆಯೆಂದು ಶಂಕಿಸಲು ಕಾರಣವುಂಟು. ಇನ್ನೊಂದು ಪ್ರಶ್ನೆಯನ್ನೂ ನಾವು ಕೇಳಿಕೊಳ್ಳಬೇಕು: ಮೀಟರು ನಿಧಾನವಾಗಿ ಓಡಿ ಬಿಲ್ಲು ಕಡಿಮೆ ಬಂದಾಗ ಕಚೇರಿಗೆ ಹೋಗಿ ತಿಳಿಸಿದವರು ನಮ್ಮಲ್ಲಿ ಎಷ್ಟು ಜನ? ತನಗೆ ನಷ್ಟವಾದಾಗ ಮಾತ್ರ ಎಚ್ಚರಗೊಳ್ಳುವ ಸತ್ಯನಿಷ್ಠೆಯು ಸತ್ಯನಿಷ್ಠೆಯೆನಿಸದು.

ಕರ್ತವ್ಯವು ಉಭಯರಿಗೂ ಸಮಾನವೆಂಬುದು ನಿಜ. ಆದರೆ ಬಲವು ಸಮಾನವಲ್ಲ. ಗೃಹಸ್ಥನು ತಪ್ಪಿದರೆ ಸಂಸ್ಥೆಗೆ ಕೆಲವು ರೂಪಾಯಿಗಳ ನಷ್ಟ. ಸಂಸ್ಥೆ ತಪ್ಪಿದರೆ ಒಂದು ಮನೆಯ ದೀಪವೇ ಆರುತ್ತದೆ. ಓದುವ ಮಗುವೂ ಹಾಸಿಗೆ ಹಿಡಿದ ಮುದುಕರೂ ಕತ್ತಲೆಯಲ್ಲಿ ಕೂಡಬೇಕಾಗುತ್ತದೆ. ಆದುದರಿಂದ ಸಂಶಯದ ಭಾರವನ್ನು ಬಲವಂತನೇ ಹೆಚ್ಚಾಗಿ ಹೊರುವುದು ಧರ್ಮ.

ನಮ್ಮ ಕಾನೂನೂ ಈ ವಿವೇಕವನ್ನು ಮನ್ನಿಸಿದೆ. 2003ರ ವಿದ್ಯುತ್ ಕಾಯಿದೆಯ 56ನೆಯ ಕಲಮಿನಂತೆ ಬಾಕಿಗಾಗಿ ಸಂಪರ್ಕ ಕಡಿಯುವ ಮುನ್ನ ಹದಿನೈದು ದಿನಗಳಿಗೆ ಕಡಿಮೆಯಿಲ್ಲದ ಲಿಖಿತ ನೋಟೀಸು ಕೊಡಬೇಕು. ವಿವಾದವಿದ್ದಲ್ಲಿ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿಯ ಮೊತ್ತ, ಇವೆರಡರಲ್ಲಿ ಕಡಿಮೆಯಾದುದನ್ನು ಬಳಕೆದಾರನು ಆಕ್ಷೇಪಣೆಯೊಡನೆ ಕಟ್ಟಿದರೆ, ನಿರ್ಣಯವಾಗುವವರೆಗೆ ಸಂಪರ್ಕ ಕಡಿಯುವಂತಿಲ್ಲ. ದೂರನ್ನು ಕೇಳಲು ಗ್ರಾಹಕರ ಕುಂದುಕೊರತೆ ವೇದಿಕೆಯೂ ಅದರ ಮೇಲೆ ಓಂಬುಡ್ಸ್‌ಮನ್ನರೂ ಇರಬೇಕೆಂದು ಅದೇ ಕಾಯಿದೆ ವಿಧಿಸುತ್ತದೆ. ಕಟ್ಟುವುದೇ ಇಲ್ಲವೆಂಬ ಹಟಕ್ಕೂ ಅಂಜಿ ಕಟ್ಟಿಬಿಡುವ ದೈನ್ಯಕ್ಕೂ ನಡುವಣ ಮಾರ್ಗವಿದು. ಒಪ್ಪಿದ ಋಣವನ್ನು ಸಲ್ಲಿಸಿ, ಒಪ್ಪದುದನ್ನು ವಿಚಾರಣೆಗೆ ಒಡ್ಡುವುದು ಸ್ವಾಭಿಮಾನಿಗೆ ತಕ್ಕ ನಡತೆ.

ಈ ಮಾರ್ಗವನ್ನು ಅರಿಯದವರೇ ಹೆಚ್ಚು. ಅವರು ಬಿಸಿಲಿನಲ್ಲಿ ಮನೆಮನೆ ತಿರುಗಿ ಮೀಟರು ಓದುವ ನೌಕರನನ್ನು ಬಯ್ದು ಸುಮ್ಮನಾಗುತ್ತಾರೆ, ಇಲ್ಲವೆ ಸಾಲ ಮಾಡಿ ಕಟ್ಟುತ್ತಾರೆ. ಅಕ್ಷರ ಬಲ್ಲ ನೆರೆಯವನು ಅಂತಹವರಿಗೊಂದು ಅರ್ಜಿ ಬರೆದುಕೊಟ್ಟರೆ ಅದು ಸಣ್ಣ ಸೇವೆಯಲ್ಲ. ಕಚೇರಿಯಲ್ಲಿ ಕುಳಿತವನೂ ‘ಯಂತ್ರ ಹೀಗೆ ತೋರಿಸಿದೆ’ ಎಂದು ಕೈ ತೊಳೆದುಕೊಳ್ಳಲಾಗದು. ಯಂತ್ರವು ಅಂಕಿಯನ್ನು ಕೊಡಬಲ್ಲದು. ಅದಕ್ಕೆ ಉತ್ತರ ಹೇಳಬೇಕಾದವನು ಮನುಷ್ಯನೇ.