ಕನಸಿಗೆ ಸಾಕ್ಷಿ ಯಾರು?

ಅಕ್ಕನ ಮಗ ಡಿಸೈನ್ ಓದುತ್ತಿದ್ದಾನೆ. ನೋಡಿದವರಿಗೆ ಕಸಿವಿಸಿಯಾಗುವಂಥ ಒಂದು ಆ್ಯಪ್ ಕಲ್ಪಿಸಿಕೊಂಡು ಬನ್ನಿ ಅಂತ ತರಗತಿಯಲ್ಲಿ ಹೇಳಿದ್ದರಂತೆ. ಇವನು ಕಲ್ಪಿಸಿದ್ದು ‘ಸ್ವಪ್ನಸಾಕ್ಷಿ’. ರಾತ್ರಿ ತಲೆಗೊಂದು ಪಟ್ಟಿ ಕಟ್ಟಿಕೊಂಡು ಮಲಗಬೇಕು, ಬೆಳಿಗ್ಗೆ ಫೋನಿಗೆ ಕನಸು ಹೇಳಬೇಕು. ಮಿದುಳಿನ ದಾಖಲೆಯ ಜೊತೆ ತಾಳೆ ನೋಡಿ ಅದು ಅಂಕ ಕೊಡುತ್ತದೆ: ‘ನಿಮ್ಮ ಕನಸು ಶೇ. 61 ನಿಜ.’

ಕಸಿವಿಸಿಯೇನೋ ಆಯಿತು. ಸಿಟ್ಟು ಬಂದದ್ದು ಅವನ ಮುಂದಿನ ಮಾತಿಗೆ. “ಮಾಮ, ನಾವು ಹೇಳೋದು ಬರೀ ಜೆರಾಕ್ಸು. ಒರಿಜಿನಲ್ಲು ಮೆಷಿನ್ ಹತ್ರ ಇರುತ್ತೆ.”

ಮಾಂಡೂಕ್ಯದ ಸ್ವಪ್ನಾವಸ್ಥೆ, ಫ್ರಾಯ್ಡನ ಅದುಮಿಟ್ಟ ಆಸೆ ಯಾವುದನ್ನೂ ನಾನು ಎತ್ತಲಿಲ್ಲ. ಅರ್ಥ ಹೇಳುವ ಆತುರ ಇರುವವರ ಮುಂದೆ ಕನಸು ಹೇಳುವುದೇ ಬೇಸರ. ಕ್ಯೋಟೋದ ಪ್ರಯೋಗ ಎತ್ತಿದೆ. 2013ರಲ್ಲಿ ಅಲ್ಲಿನ ವಿಜ್ಞಾನಿಗಳು ಮೂವರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಆಗಷ್ಟೇ ಕಣ್ಣು ಹತ್ತುತ್ತಿದ್ದಂತೆ ಎಬ್ಬಿಸಿ, ಏನು ಕಂಡಿತು ಎಂದು ಕೇಳಿದರು. ಒಬ್ಬೊಬ್ಬರನ್ನೂ ಸುಮಾರು 200 ಸಲ, ಪಾಪ. ಕಂಡದ್ದು ಕಾರೋ, ಪುಸ್ತಕವೋ, ಹೆಂಗಸೋ ಎಂದು ಯಂತ್ರ ಊಹಿಸಿತು. ಸುಮ್ಮನೆ ಊಹಿಸಿದ್ದಕ್ಕಿಂತ ಚೆನ್ನಾಗಿಯೇ ಊಹಿಸಿತು. ಆದರೆ ಆ ಊಹೆ ಸರಿಯೆಂದು ತಿಳಿದದ್ದು ಹೇಗೆ? ಎದ್ದವರು ಹೇಳಿದ ಮಾತಿನಿಂದ. ನಿನ್ನ ಒರಿಜಿನಲ್ಲಿಗೆ ಸಹಿ ಹಾಕಿದ್ದೇ ಈ ಜೆರಾಕ್ಸು, ಎಂದೆ.

ಅವನು ಸೋಲಲಿಲ್ಲ. “ಮಗು ಮಾತು ಕಲಿಯೋದು ಅಮ್ಮನಿಂದ್ಲೇ. ಆಮೇಲೆ ಅಮ್ಮನ ಸುಳ್ಳು ಹಿಡಿಯಲ್ವಾ?”

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ನಾರ್ಮನ್ ಮಾಲ್ಕಮ್ಮನ ಹಿಂದೆ ಅಡಗಿಕೊಂಡೆ. ವಿಟ್‌ಗೆನ್‌ಸ್ಟೈನನ ಈ ಶಿಷ್ಯ 1959ರಲ್ಲಿ ಒಂದು ಪುಟ್ಟ, ಮೊಂಡು ಪುಸ್ತಕ ಬರೆದ. ಎದ್ದವನು ಪ್ರಾಮಾಣಿಕವಾಗಿ ಹೇಳಿದ್ದೇ ಕನಸು ಬಿದ್ದದ್ದಕ್ಕೆ ಒರೆಗಲ್ಲು, ಹೇಳಿದ್ದು ಒಳಗಿನ ಯಾವುದೋ ಘಟನೆಗೆ ಹೊಂದುತ್ತದೆಯೇ ಎಂದು ಕೇಳುವುದರಲ್ಲೇ ಅರ್ಥವಿಲ್ಲ ಎಂಬುದು ಅವನ ವಾದ. ಹುಡುಗ ಫೋನ್ ತೆಗೆದ. 2021ರಲ್ಲಿ ನಾಲ್ಕು ದೇಶಗಳ ಪ್ರಯೋಗಾಲಯಗಳು ವರದಿ ಮಾಡಿದ ಸಂಗತಿ: ಇದು ಕನಸೆಂಬ ಅರಿವಿನಲ್ಲೇ ಕನಸು ಕಾಣುತ್ತಿದ್ದವನನ್ನು ಎಂಟರಲ್ಲಿ ಆರು ಕಳೆದರೆ ಎಷ್ಟು ಎಂದು ಕೇಳಿದರೆ, ನಿದ್ದೆಯಲ್ಲೇ ಕಣ್ಣಾಲಿ ಆಡಿಸಿ ಎರಡು ಎಂದಿದ್ದಾನೆ. ಏಳುವ ಮುಂಚೆಯೇ ಒಳಗೆ ಏನೋ ನಡೆಯುತ್ತಿತ್ತು ಎಂದಾಯಿತಲ್ಲ. ಮಾಲ್ಕಮ್ ಬಿದ್ದ. ನಮ್ಮ ಭಾಷೆಯೂ ನನ್ನ ಕೈಬಿಟ್ಟಿತು. ಕನಸು ‘ಬಿತ್ತು’ ಅನ್ನುತ್ತೇವೆ, ಮಳೆ ಬಿದ್ದ ಹಾಗೆ, ಹೇಳುವವರು ಇರಲಿ ಬಿಡಲಿ.

ಆದರೂ ಮನಸ್ಸು ಒಪ್ಪಲಿಲ್ಲ. ಕಾರಣ ಇಲ್ಲಿದೆ. ಅಪ್ಪ ತೀರಿಕೊಂಡ ಹೊಸದರಲ್ಲಿ ಅಮ್ಮ ದಿನಾ ಬೆಳಿಗ್ಗೆ ಮನೆಯಲ್ಲಿದ್ದವರನ್ನೆಲ್ಲ ಕೇಳುತ್ತಿದ್ದಳು: “ಕನಸಲ್ಲಿ ಬಂದಿದ್ರಾ?” ಅವಳ ಕನಸಿಗೆ ಅಪ್ಪ ಬಂದಿರಲಿಲ್ಲ. ಒಂದು ದಿನ ತಡೆಯಲಾರದೆ, ಬಂದಿದ್ರು ಅಂದುಬಿಟ್ಟೆ. ಜಗಲಿ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ರು, ಮಾತಾಡಲಿಲ್ಲ. “ಯಾವ ಅಂಗಿ?” ನೀಲಿ ಗೆರೆಯದು. ಅಮ್ಮ ಅವತ್ತು ಕಾಫಿಯನ್ನು ಪೂರ್ತಿ ಕುಡಿದಳು.

ಅದು ಅಪ್ಪಟ ಸುಳ್ಳು. ಮಾಲ್ಕಮ್ಮನ ಪ್ರಕಾರ, ಹೇಳಿದ್ದು ಪ್ರಾಮಾಣಿಕವಲ್ಲದ ಮೇಲೆ ಕನಸೂ ಇಲ್ಲ. ಸ್ವಪ್ನಸಾಕ್ಷಿಯೂ ಸೊನ್ನೆ ಕೊಡುತ್ತಿತ್ತು. ಹಾಗೆ ನೋಡಿದರೆ ಸುಳ್ಳಿನ ವಿಷಯದಲ್ಲಿ ನನ್ನ ಗುರುವಿಗೂ ನನ್ನ ವೈರಿಗೂ ಜಗಳವೇ ಇಲ್ಲ. ಆದರೆ ಈಗ ಅದನ್ನು ನೆನೆದರೆ ನಾನು ಕಟ್ಟದ ವಿವರಗಳೂ ಕಾಣುತ್ತವೆ. ಅಡಕತ್ತರಿಯ ಕಟ್ ಕಟ್ ಸದ್ದು, ಅಪ್ಪ ನನ್ನತ್ತ ನೋಡದೆ ಇದ್ದದ್ದು. ಆಮೇಲೆಂದೋ ನಿಜಕ್ಕೂ ಬಿತ್ತೋ, ಹೇಳಿ ಹೇಳಿ ಬೆಳೆಯಿತೋ ತಿಳಿಯದು. ತಿಳಿಸಬಲ್ಲದ್ದು ಹುಡುಗನ ಪಟ್ಟಿಯೊಂದೇ, ಅದು ನನಗೆ ಬೇಡ. ಬೇಡ ಅನ್ನುವುದು ವಾದವಲ್ಲ, ಗೊತ್ತು.

ಇನ್ನೊಂದಿದೆ. ಈಚೆಗೆ ಅಮ್ಮ ಬಂದವರಿಗೆಲ್ಲ ಆ ಕನಸನ್ನು ತನಗೇ ಬಿದ್ದದ್ದೆಂದು ಹೇಳುತ್ತಾಳೆ. ಜಗಲಿ, ನೀಲಿ ಗೆರೆ, ಎಲ್ಲ ಅದೇ. ಜೊತೆಗೆ ಅಡಕತ್ತರಿಯ ಸದ್ದು. ಅದನ್ನು ನಾನು ಅವಳಿಗೆ ಹೇಳಿರಲೇ ಇಲ್ಲ.

ಇದನ್ನು ಕೇಳಿ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. “ಅಜ್ಜಿದು ಎಷ್ಟು ಪರ್ಸೆಂಟು ಮಾಮ?”

ನೂರು ಅನ್ನಲು ಬಾಯಿ ತೆರೆದೆ. ಹಾಗೆಂದರೆ ಅವನ ಅಳತೆಗೋಲನ್ನು ನಾನೇ ಕೈಗೆತ್ತಿಕೊಂಡ ಹಾಗಾಗುತ್ತಿತ್ತು.