ಕಿಕ್ ಮತ್ತು ಕೃಪೆ

ಕನಕಪುರ ತಾಲ್ಲೂಕಿನ ಹಾರೋಬೆಲೆಯ ಹೆಸರನ್ನು ನಾಡಿನ ಹಲವರು ಮೊದಲು ಕೇಳಿದ್ದು ಕಪಾಲಬೆಟ್ಟದ ಗಲಾಟೆಯಲ್ಲಿ. 2019ರ ಕ್ರಿಸ್‌ಮಸ್ ದಿನ ಅಲ್ಲಿ 114 ಅಡಿಯ ಯೇಸು ಪ್ರತಿಮೆಗೆ ಶಂಕುಸ್ಥಾಪನೆ ಆಯಿತು. ಆಮೇಲೆ ಪರವಿರೋಧದ ಮಾತೇ ಮಾತು. ತಲೆಮಾರುಗಳಿಂದ ಕ್ರೈಸ್ತರಾಗಿ, ಉಳಿದ ಊರುಗಳವರಂತೆಯೇ ಬೇಸಾಯ ಮಾಡಿಕೊಂಡು ಬಂದ ಕನ್ನಡದ ಜನ ಏನನ್ನು ನಂಬುತ್ತಾರೆ ಎಂದು ಆ ಗದ್ದಲದಲ್ಲಿ ಕೇಳಿದವರು ಕಡಿಮೆ. ಆ ನಂಬಿಕೆಯ ತಿರುಳಿನಲ್ಲಿರುವುದು ಕೃಪೆ. ಅದನ್ನು ವಿವರಿಸಲು ನನಗೆ ಬೆಟ್ಟಕ್ಕಿಂತ ಅನುಕೂಲವಾಗಿ ಕಾಣುವುದು ಬೈಕು.

ಕೃಪೆ ಎಂದರೆ ದುಡಿದು ಸಂಪಾದಿಸಲಾಗದ್ದು. ಇಷ್ಟು ಉಪವಾಸ, ಇಷ್ಟು ದಾನ, ಇಷ್ಟು ಜಪ ಎಂದು ಲೆಕ್ಕ ಒಪ್ಪಿಸಿ ದೇವರಿಂದ ವಸೂಲಿ ಮಾಡಲು ಬರುವುದಿಲ್ಲ. ಇಷ್ಟು ಹೇಳಿದ ಕೂಡಲೇ ಯಾರಾದರೂ ಕೇಳಿಯೇ ಕೇಳುತ್ತಾರೆ: ಹಾಗಾದರೆ ಮನುಷ್ಯ ಮಾಡಬೇಕಾದದ್ದೇನು? ಕೈಕಟ್ಟಿ ಕೂರುವುದೇ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ಮಾಡಿತು. ಟೂ ಸ್ಟ್ರೋಕ್ ಗಾಡಿಗಳು. ಚನ್ನಪಟ್ಟಣ, ರಾಮನಗರದ ಹಳೆಯ ಮೆಕ್ಯಾನಿಕ್‌ಗಳಿಗೆ ಅವುಗಳ ರೋಗವೆಲ್ಲ ಗೊತ್ತು. ಸ್ಟಾರ್ಟ್ ಆಗದ ಗಾಡಿ ಬಂದರೆ ಅವರು ಮೊದಲು ಪ್ಲಗ್ ಬಿಚ್ಚಿ, ಅದರ ಮೈಯನ್ನು ಎಂಜಿನ್ನಿಗೆ ತಾಗಿಸಿಟ್ಟು ಕಿಕ್ ಹೊಡೆದು ನೋಡುತ್ತಾರೆ. ನೀಲಿ ಕಿಡಿ ಹಾರಿದರೆ ‘ಕರೆಂಟ್ ಇದೆ’. ಇಲ್ಲದಿದ್ದರೆ ಪಾಯಿಂಟ್ ಉಜ್ಜುತ್ತಾರೆ, ಮಿಲಿಮೀಟರಿನ ಅರ್ಧಕ್ಕೂ ಕಡಿಮೆಯಿರುವ ಅದರ ಸಂದನ್ನು ಸರಿಮಾಡುತ್ತಾರೆ. ಕರೆಂಟ್ ಇದ್ದೂ ಹತ್ತದಿದ್ದರೆ ಕಾರ್ಬೊರೇಟರ್ ಬಿಚ್ಚಿ ಜೆಟ್‌ಗೆ ಗಾಳಿ ಹೊಡೆಯುತ್ತಾರೆ. ಈ ಕೆಲಸಗಳಲ್ಲಿ ಬೆಂಕಿ ಉಂಟುಮಾಡುವುದು ಯಾವುದೂ ಇಲ್ಲ, ಎಲ್ಲವೂ ಅಡ್ಡಿ ತೆಗೆಯುವ ಕೆಲಸ. ಕಿಡಿ ತಾಗಿದರೆ ಪೆಟ್ರೋಲ್ ಹತ್ತಿಕೊಳ್ಳುತ್ತದೆ ಎಂಬುದು ಮೆಕ್ಯಾನಿಕ್ ಹುಟ್ಟುವ ಮೊದಲೇ ಲೋಕದಲ್ಲಿದ್ದ ಸಂಗತಿ. ನಿಮಿಷಕ್ಕೆ 3000 ಸುತ್ತು ತಿರುಗುವ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಸೆಕೆಂಡಿಗೆ 50 ಸಲ ಅದು ನಡೆಯುತ್ತದೆ, ಒಂದು ಸಲವೂ ಅವನ ಕೈಯಿಂದಲ್ಲ.

ಇನ್ನೊಂದು ರೋಗವಿದೆ. ಹತ್ತಲಿಲ್ಲವೆಂದು ಸಿಟ್ಟಿಗೆದ್ದು ಕಿಕ್ ಹೊಡೆದಷ್ಟೂ ಸಿಲಿಂಡರಿಗೆ ಪೆಟ್ರೋಲ್ ಏರುತ್ತದೆ, ಪ್ಲಗ್ ನೆನೆಯುತ್ತದೆ. ಗಾಡಿ ‘ಓವರ್’ ಆಯಿತು ಎನ್ನುತ್ತಾರೆ. ಆಗ ಬಲ ಹೆಚ್ಚಿದಷ್ಟೂ ಕೆಲಸ ಕೆಡುತ್ತದೆ. ಪೆಟ್ರೋಲ್ ನಿಲ್ಲಿಸಿ, ಪ್ಲಗ್ ಬಿಚ್ಚಿ ಒರೆಸಿ, ಒಳಗಿನದು ಆರುವವರೆಗೆ ಕಾಯುವುದೇ ದಾರಿ. ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರನ ಸಂನ್ಯಾಸದ ದಿನಗಳನ್ನು ಓದುವಾಗ ನನಗೆ ನೆನಪಾಗುವುದು ಈ ಓವರ್ ಆದ ಗಾಡಿಯೇ. 1505ರಲ್ಲಿ ಎರ್ಫರ್ಟಿನ ಮಠ ಸೇರಿದವನು ಉಪವಾಸ, ಜಾಗರಣೆ, ಗಂಟೆಗಟ್ಟಲೆ ಪಾಪನಿವೇದನೆ ಎಲ್ಲ ಮಾಡಿದ. ಮಾಡಿದಷ್ಟೂ ಸಾಲದೆನ್ನುವ ಭಯವೇ ಹೆಚ್ಚಿತು. ಬೈಬಲ್ಲಿನಲ್ಲಿರುವ ಪೌಲನ ಪತ್ರಗಳನ್ನು ಮತ್ತೆ ಮತ್ತೆ ಓದಿದ ಮೇಲೆ, ಬೇಕಾದದ್ದನ್ನು ದೇವರು ಆಗಲೇ ಕೊಟ್ಟಿದ್ದಾನೆ ಎಂಬ ತಿಳಿವು ಬಂದು ಅವನು ಉಸಿರಾಡಿದ.

ಕೃಪೆಯೋ ಮನುಷ್ಯಪ್ರಯತ್ನವೋ ಎಂಬ ಜಗಳ ಲೂಥರನಿಗಿಂತ ಹಳೆಯದು. ಐದನೆಯ ಶತಮಾನದ ಆರಂಭದಲ್ಲಿ ಪೆಲಾಜಿಯಸ್ ಎಂಬ ತಪಸ್ವಿ, ಮನುಷ್ಯ ಮನಸ್ಸು ಮಾಡಿದರೆ ತನ್ನ ಸಂಕಲ್ಪಬಲದಿಂದಲೇ ನೇರ ನಡೆಯಬಲ್ಲ ಎಂದ. ಒಳ್ಳೆಯದನ್ನು ಬಯಸುವ ಮನಸ್ಸೂ ದೇವರು ಕೊಟ್ಟದ್ದೇ ಎಂದು ಬಿಷಪ್ ಆಗಸ್ಟೀನ್ ವಾದಿಸಿದ. 418ರ ಕಾರ್ಥೇಜ್ ಸಭೆ ಆಗಸ್ಟೀನನ ಕಡೆ ನಿಂತಿತು. ಅತ್ತ ತುದಿಯಲ್ಲೂ ಒಂದು ಗುಂಡಿಯಿತ್ತು. ಆತ್ಮ ಏನೂ ಮಾಡದೆ ಸುಮ್ಮನಿದ್ದರೆ ಸಾಕು ಎನ್ನುವ ಕಡೆಗೆ ವಾಲಿದ ಮೊಲಿನೋಸ್ ಎಂಬ ಪಾದ್ರಿಯ ಬೋಧನೆಯನ್ನು ರೋಮ್ 1687ರಲ್ಲಿ ಖಂಡಿಸಿತು. ನಮ್ಮ ಓದುಗರಿಗೆ ಇದೇನೂ ಹೊಸ ಜಗಳವಲ್ಲ. ತಾಯಿಯನ್ನು ಮರಿಯೇ ಅವಚಿಕೊಳ್ಳಬೇಕೋ, ಮರಿಯನ್ನು ತಾಯಿಯೇ ಕಚ್ಚಿಕೊಂಡು ಒಯ್ಯುತ್ತದೋ ಎಂದು ಮರ್ಕಟಕಿಶೋರ, ಮಾರ್ಜಾಲಕಿಶೋರ ನ್ಯಾಯಗಳ ಹೆಸರಿನಲ್ಲಿ ಶ್ರೀವೈಷ್ಣವರು ವಾದಿಸಿದ್ದೂ ಇದನ್ನೇ.

ಕೈಕಟ್ಟಿ ಕೂರುವ ಪ್ರಶ್ನೆಗೆ ಗ್ಯಾರೇಜಿನ ಉತ್ತರ ಸರಳ: ಮಸಿ ಹಿಡಿದ ಪ್ಲಗ್ ತಾನಾಗಿ ಸ್ವಚ್ಛವಾಗುವುದಿಲ್ಲ. ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲಿನ ಜೊತೆ ಆಯಿಲೂ ಉರಿಯುತ್ತದೆ. ಅದರ ಮಸಿ ಪ್ಲಗ್ಗಿಗೂ ಸೈಲೆನ್ಸರಿಗೂ ಮೆತ್ತುತ್ತದೆ. ಮಾಗಡಿ ರಸ್ತೆಯ ಏರಿನಲ್ಲಿ ಪಿಕಪ್ಪೇ ಇಲ್ಲ ಎಂದು ಗೊಣಗುವವನ ಗಾಡಿಗೆ ಹೊರಗಿನಿಂದ ಯಾರೂ ಏನೂ ಮಾಡಿರುವುದಿಲ್ಲ, ಓಡಿದ್ದರಿಂದಲೇ ಕಟ್ಟಿಕೊಂಡ ಮಸಿ ಅದು. ಕೆಥೊಲಿಕರ ಪಾಪನಿವೇದನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ಕ್ಷಮಿಸುವವನು ದೇವರು; ಬಿಚ್ಚಿ ತೋರಿಸುವುದಷ್ಟೇ ಭಕ್ತನ ಪಾಲು. ದೊಡ್ಡ ಪಾಪ ಮಾಡಿಲ್ಲ ಎನ್ನುವವನೂ ಹೋಗಬೇಕಾಗುತ್ತದೆ, ಬದುಕಿದ್ದಾನಲ್ಲ, ಅದಕ್ಕೆ.

ಆಯುಧಪೂಜೆಗೆ ಗಾಡಿ ತೊಳೆದು ಹಾರ ಹಾಕುವ ಹಾಗೆ ಹೊಸ ಗಾಡಿಯನ್ನು ಚರ್ಚಿನ ಮುಂದೆ ನಿಲ್ಲಿಸಿ ಗುರುಗಳಿಂದ ಆಶೀರ್ವಾದ ಮಾಡಿಸುವವರಿದ್ದಾರೆ. ಸವೆದ ಬ್ರೇಕ್ ಶೂ ಬದಲಿಸದೆ ಆಶೀರ್ವಾದವನ್ನೇ ನಂಬಿ ಇಳಿಜಾರಿಗೆ ಬಿಡುವುದು ಭಕ್ತಿಯಲ್ಲ, ಉಡಾಫೆ. ಕೃಪೆ ಪ್ರಕೃತಿಯನ್ನು ಅಳಿಸುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂದು ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಹೇಳಿದ್ದರಲ್ಲಿ ಬ್ರೇಕ್ ಶೂ ಕೂಡ ಸೇರಿದೆ ಎಂದೇ ನನ್ನ ಭಾವನೆ.

ಆದರೆ ಈ ಹೋಲಿಕೆ ಒಂದು ಕಡೆ ಮುರಿಯುತ್ತದೆ, ಮುರಿಯಲೇಬೇಕು. ಕರೆಂಟ್, ಪೆಟ್ರೋಲ್, ಗಾಳಿ, ಕಂಪ್ರೆಶನ್ ನಾಲ್ಕೂ ಸರಿಯಿದ್ದರೆ ಎಂಜಿನ್ ಹತ್ತಲೇಬೇಕು. ಅದಕ್ಕೆ ಬೇರೆ ಆಯ್ಕೆಯಿಲ್ಲ. ದೇವರ ವಿಷಯದಲ್ಲಿ ಹೀಗೆ ಹೇಳಿದರೆ ಪೆಲಾಜಿಯಸ್ ಹಿತ್ತಿಲ ಬಾಗಿಲಿನಿಂದ ಮತ್ತೆ ಒಳಬಂದಂತೆ. ಮನಸ್ಸನ್ನು ಸ್ವಚ್ಛ ಮಾಡಿಟ್ಟೆ, ಇನ್ನು ನೀನು ಬರಲೇಬೇಕು ಎಂದರೆ ಅದು ಕೊಡುಗೆಯಾಗದೆ ಬಾಕಿ ವಸೂಲಿಯಾಗುತ್ತದೆ. ಆಗಸ್ಟೀನನ ಪ್ರಕಾರ ಸ್ವಚ್ಛ ಮಾಡಬೇಕು ಎಂದು ಅನಿಸಿದ್ದೇ ಕೃಪೆಯ ಮೊದಲ ಕೆಲಸ. ಬೈಕಿನ ಭಾಷೆಯಲ್ಲಿ ಇದನ್ನು ಹೇಳಲು ನನಗೆ ದಾರಿ ಕಂಡಿಲ್ಲ: ತನ್ನನ್ನು ರಿಪೇರಿ ಮಾಡುವ ಕೈಯನ್ನು ಎಂಜಿನ್ನೇ ಎಬ್ಬಿಸಿ ಕರೆಸಿಕೊಂಡಿತು ಎನ್ನಬೇಕಾಗುತ್ತದೆ.

ಲೂಥರನ ಕಾಲದಲ್ಲಿ ಕ್ರೈಸ್ತ ಸಭೆಯನ್ನೇ ಒಡೆದ ಕೃಪೆಯ ಈ ವಿಚಾರದ ಮೂಲತತ್ತ್ವಗಳಲ್ಲಿ ಕೆಥೊಲಿಕರೂ ಲೂಥರನ್ನರೂ ಒಮ್ಮತಕ್ಕೆ ಬಂದು ಆಗ್ಸ್‌ಬರ್ಗಿನಲ್ಲಿ ಸಹಿ ಹಾಕಿದ್ದು 1999ರ ಅಕ್ಟೋಬರ್ 31ರಂದು. 2006ರಲ್ಲಿ ಮೆಥಡಿಸ್ಟರೂ ಸೇರಿಕೊಂಡರು.

ಒಂದು ಎಚ್ಚರಿಕೆ. ಬೆಂಕಿ ನಿನ್ನದಲ್ಲವಲ್ಲಪ್ಪ ಎಂದು ಮೆಕ್ಯಾನಿಕ್ ಹತ್ತಿರ ಚೌಕಾಸಿಗೆ ಇಳಿಯುವವರಿಗೆ ಬೈಬಲ್ಲಿನ ಆಸರೆ ಸಿಗುವುದಿಲ್ಲ. ದುಡಿದವನ ಕೂಲಿ ದಾನವಲ್ಲ, ಅವನಿಗೆ ಸಲ್ಲಬೇಕಾದ ಬಾಕಿ ಎಂಬ ಮಾತು ರೋಮಿನವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿದೆ. ಕೃಪೆಯ ಬಗ್ಗೆ ಪೌಲ ಅತಿ ಜೋರಾಗಿ ವಾದಿಸುವುದೂ ಅದೇ ಅಧ್ಯಾಯದಲ್ಲಿ.